ಯುಗಾದಿಗೆ ಶ್ರೀಶೈಲ ಪಾದಯಾತ್ರೆ: ಗೆಳೆಯರ ಬಳಗ ಮಾಡಿಕೊಳ್ಳಬೇಕಾದ ತಯಾರಿ

ಹೋಳಿ ಹುಣ್ಣಿಮೆ ಮುಗಿಯುತ್ತಿದ್ದಂತೆ ವಿಜಯಪುರ, ಬಾಗಲಕೋಟೆ, ಬೆಳಗಾವಿ, ಕಲಬುರಗಿ, ರಾಯಚೂರು ಕಡೆಯ ರಸ್ತೆಗಳಲ್ಲಿ ಕಂಬಿ (ಮಲ್ಲಯ್ಯನ ಹೆಸರಲ್ಲಿ ಪೂಜಿಸಿ ಹೆಗಲ ಮೇಲೆ ಒಯ್ಯುವ ಕೋಲು) ಹೊತ್ತವರು ಕಾಣಿಸಿಕೊಳ್ಳುತ್ತಾರೆ. ಎಲ್ಲರ ಮುಖವೂ ಮಲ್ಲಯ್ಯನ ಗುಡ್ಡದ ಕಡೆಗೆ. ಶ್ರೀಶೈಲದ ಭ್ರಮರಾಂಬೆಯನ್ನು ಮನೆಮಗಳೆಂದೂ ಮಲ್ಲಿಕಾರ್ಜುನನನ್ನು ಅಳಿಯನೆಂದೂ ನಂಬಿದ ಸೀಮೆ ಇದು. ಮಗಳಿಗೆ ಹಬ್ಬದ ಸೀರೆ, ಅರಿಸಿನ-ಕುಂಕುಮ ಒಯ್ಯುವ ನಡಿಗೆಯನ್ನು ಹಿರಿಯರು ಬಿಡದೆ ನಡೆಸಿಕೊಂಡು ಬಂದಿದ್ದಾರೆ. ಈಗ ಹರೆಯದ ಗೆಳೆಯರ ಬಳಗಗಳೂ ಹೆಚ್ಚಾಗಿ ಹೊರಡುತ್ತಿವೆ. ಉತ್ಸಾಹಕ್ಕೇನೂ ಕೊರತೆಯಿಲ್ಲ, ಕೊರತೆ ಬೀಳುವುದು ತಯಾರಿಯಲ್ಲಿ. ನಾಲ್ಕನೇ ದಿನ ಅಂಗಾಲು ಸುಲಿದು, ಹೊಟ್ಟೆ ಕೆಟ್ಟು ಬಸ್ ಹತ್ತಿದವರಲ್ಲಿ ಭಕ್ತಿ ಕಡಿಮೆಯಿರಲಿಲ್ಲ. ಪಾದ, ನೀರು, ಗಡಿಯಾರ ಈ ಮೂರರ ಲೆಕ್ಕ ತಪ್ಪಿತ್ತು, ಅಷ್ಟೆ.

ಇಲ್ಲಿನ ಲೆಕ್ಕವೆಲ್ಲ ರಾಯಚೂರಿನಿಂದ ಹೊರಡುವ ಎಂಟು-ಹತ್ತು ಜನರ ಬಳಗದ್ದು. ದೂರದ ಊರಿನವರು ಮುಂಚಿನ ದಿನಗಳನ್ನು ಇದಕ್ಕೆ ಸೇರಿಸಿಕೊಳ್ಳಬೇಕು.

ದಿನಗಳನ್ನು ಹಿಂದಿನಿಂದ ಎಣಿಸಿ

ಮೊದಲು ಶ್ರೀಶೈಲ ಮುಟ್ಟುವ ದಿನವನ್ನು ಗೊತ್ತು ಮಾಡಿ, ಹೊರಡುವ ದಿನ ಅದರಿಂದ ತಾನಾಗಿ ಸಿಗುತ್ತದೆ. ಅಲ್ಲಿ ಯುಗಾದಿ ಮಹೋತ್ಸವ ಐದು ದಿನ ನಡೆಯುತ್ತದೆ. ವೀರಾಚಾರದ ಕೈಂಕರ್ಯಗಳು (ಭಕ್ತರು ಮೈಗೆ ಶಸ್ತ್ರ ಚುಚ್ಚಿಕೊಂಡು ಮಾಡುವ ಸೇವೆ), ಅಗ್ನಿಗುಂಡ ಯುಗಾದಿಯ ಹಿಂದಿನ ರಾತ್ರಿ. ಅದನ್ನು ನೋಡಬೇಕೆನ್ನುವವರು ಅಮಾವಾಸ್ಯೆಗೆ ಒಂದೆರಡು ದಿನ ಮೊದಲೇ ಊರು ಸೇರಿರಬೇಕು.

2027ರ ಯುಗಾದಿಯನ್ನು ತೆಗೆದುಕೊಳ್ಳಿ. ಹಬ್ಬ ಏಪ್ರಿಲ್ 7ಕ್ಕೆ, ಹೋಳಿ ಹುಣ್ಣಿಮೆ ಮಾರ್ಚ್ 22ಕ್ಕೆ. ರಾಯಚೂರಿನಿಂದ ತೆಲಂಗಾಣದ ಐಜ ಊರಿನ ಮೇಲೆ ಕರ್ನೂಲಿಗೆ ನೂರು ಕಿ.ಮೀ. ಆಸುಪಾಸು, ಅದಕ್ಕೆ ನಾಲ್ಕು ದಿನ. ಕರ್ನೂಲಿನಲ್ಲಿ ಒಂದು ಪೂರ್ತಿ ದಿನ ವಿಶ್ರಾಂತಿ. ಅಲ್ಲಿಂದ ನಂದಿಕೊಟ್ಕೂರು ದಾಟಿ ಆತ್ಮಕೂರಿಗೆ 65–70 ಕಿ.ಮೀ., ಅದಕ್ಕೆ ಮೂರು ದಿನ. ಆಮೇಲೆ ನಲ್ಲಮಲ ಕಾಡು ಎರಡು ದಿನ. ಒಟ್ಟು ಹತ್ತು ದಿನವಾಯಿತು. ಮಾರ್ಚ್ 26ಕ್ಕೆ ಹೊರಟರೆ ಏಪ್ರಿಲ್ 4ರ ಸಂಜೆ ಶ್ರೀಶೈಲ, ಯಾರಿಗಾದರೂ ಮೈ ಕೆಟ್ಟರೆ ಕೈಯಲ್ಲಿ ಇನ್ನೂ ಒಂದು ದಿನ ಉಳಿದಿರುತ್ತದೆ. ಈ ಉಳಿಕೆ ದಿನವನ್ನು ಯಾವ ಕಾರಣಕ್ಕೂ ಕಡಿಯಬೇಡಿ. ವಿಶ್ರಾಂತಿಯ ದಿನವನ್ನು ನುಂಗಿ ಮುಂದೆ ಓಡಿದ ಬಳಗ ಕಾಡಿನ ಏರಿನಲ್ಲಿ ಕುಂಟುತ್ತದೆ.

ನಡಿಗೆಯೆಲ್ಲ ಕೃಷ್ಣಪಕ್ಷದಲ್ಲಿ. ಮೊದಲ ನಾಲ್ಕೈದು ದಿನ ಬೆಳಗಿನ ಜಾವ ಮೂರಕ್ಕೆ ಎದ್ದರೂ ನೆತ್ತಿಯ ಮೇಲೆ ಒಳ್ಳೆಯ ಬೆಳದಿಂಗಳಿರುತ್ತದೆ. ಏಕಾದಶಿ ಕಳೆದ ಮೇಲೆ ಆ ಹೊತ್ತಿಗೆ ಕಗ್ಗತ್ತಲೆ. ಬ್ಯಾಟರಿಯನ್ನು ಮೊದಲ ದಿನಗಳಲ್ಲೇ ಮುಗಿಸಿಕೊಂಡವರು ನಿಜವಾಗಿ ಬೇಕಾದಾಗ ಬೆಳಕಿಲ್ಲದೆ ನಿಲ್ಲುತ್ತಾರೆ.

ಬಳಗ ಎಷ್ಟು ದೊಡ್ಡದಿರಬೇಕು

ಎಂಟರಿಂದ ಹನ್ನೆರಡು ಜನ ಸರಿ. ಐದಕ್ಕಿಂತ ಕಡಿಮೆಯಿದ್ದರೆ ಒಬ್ಬನಿಗೆ ಜ್ವರ ಬಂದಾಗ ಅವನ ಜೊತೆ ನಿಲ್ಲಲೊಬ್ಬ, ಸಾಮಾನು ನೋಡಿಕೊಳ್ಳಲೊಬ್ಬ ಎಂದು ಬಳಗವೇ ಒಡೆಯುತ್ತದೆ. ಇಪ್ಪತ್ತು ದಾಟಿದರೆ ತಂಗಲು ಜಾಗ ಸಿಗುವುದು ಕಷ್ಟ.

ಎಲ್ಲಕ್ಕಿಂತ ಮುಖ್ಯವಾದ ಕಟ್ಟಳೆ: ಬಳಗದಲ್ಲಿ ಎಲ್ಲರಿಗಿಂತ ನಿಧಾನ ಯಾರೋ ಅವರ ನಡಿಗೆಯೇ ಎಲ್ಲರ ನಡಿಗೆ. ಅವರನ್ನು ಕಂಬಿಯ ಬೆನ್ನಿಗೇ ನಡೆಸಿ, ಚುರುಕು ಕಾಲಿನವರು ಹಿಂದೆ ಬರಲಿ. ಅದಲುಬದಲಾದರೆ ಮುಂದಿನವರು ಅರ್ಧ ತಾಸು ಮೊದಲೇ ಮುಟ್ಟಿ ಕುಳಿತು ದಣಿವಾರಿಸಿಕೊಳ್ಳುತ್ತಾರೆ, ಹಿಂದಿನವರು ಬಂದ ಕೂಡಲೇ ಎದ್ದು ಹೊರಡುತ್ತಾರೆ. ವಿಶ್ರಾಂತಿ ಬೇಕಾದವರಿಗೆ ಅದು ಸಿಗುವುದೇ ಇಲ್ಲ. ಎಲ್ಲರಿಗಿಂತ ಕೊನೆಗೆ ಗಟ್ಟಿಮುಟ್ಟಾದ ಒಬ್ಬರು, ಅವರ ಹೆಗಲಲ್ಲಿ ಔಷಧದ ಚೀಲ. ಅವರನ್ನು ಬಿಟ್ಟು ಯಾರೂ ಹಿಂದೆ ಉಳಿಯಬಾರದು, ಮೂತ್ರಕ್ಕೆ ನಿಂತರೂ ಹೇಳಿ ನಿಲ್ಲಬೇಕು.

ಹೊರಡುವ ಮುಂಚೆ ಊರಲ್ಲೇ ಕೂತು ಕೆಲಸ ಹಂಚಿಕೊಳ್ಳಿ: ನೀರು ಒಬ್ಬರದು, ಔಷಧ ಒಬ್ಬರದು, ರೊಕ್ಕದ ಲೆಕ್ಕ ಒಬ್ಬರದು, ತಂಗುವ ಜಾಗ ಹುಡುಕುವುದು ಇಬ್ಬರದು. ಭಾರದ ಗಂಟುಗಳಿಗೆ ಒಂದು ಟಂಟಂ ಅಥವಾ ಟ್ರ್ಯಾಕ್ಟರ್ ಇದ್ದರೆ ಅನುಕೂಲ. ಅದರ ಚಾಲಕರು ರಾತ್ರಿ ನಿದ್ದೆ ಮಾಡಲೇಬೇಕು, ಅವರಿಗೆ ಬೇರೆ ಕೆಲಸ ಹಚ್ಚಬೇಡಿ.

ಪಾದ

ಆರು ವಾರ ಮೊದಲೇ ನಡೆಯಲು ಶುರು ಮಾಡಿ. ಮೊದಲ ವಾರ ದಿನಕ್ಕೆ 5 ಕಿ.ಮೀ., ಮೂರನೇ ವಾರಕ್ಕೆ 10, ಐದನೇ ವಾರದ ಶನಿವಾರ 20, ಮಾರನೆಯ ದಿನ ಭಾನುವಾರ ಮತ್ತೆ 20. ಬೆನ್ನುಬೆನ್ನಿಗೆ ಎರಡು ದಿನ ನಡೆಯುವುದು ಬಹಳ ಮುಖ್ಯ. ಒಂದು ದಿನದ 30 ಕಿ.ಮೀ. ಯಾರಾದರೂ ನಡೆದಾರು. ನೋಯುವ ಕಾಲನ್ನು ಮರುದಿನ ಎಬ್ಬಿಸಿ ನಡೆಸುವುದನ್ನು ಮೈ ಬೇರೆಯಾಗಿಯೇ ಕಲಿಯಬೇಕು. ಕೊನೆಯ ವಾರ ಕಡಿಮೆ ಮಾಡಿ.

ಬರಿಗಾಲಿನ ಹರಕೆ ಇದ್ದವರು ಎರಡು ತಿಂಗಳ ಮುಂಚೆಯೇ ಹೊಲದ ದಾರಿಯಲ್ಲಿ ದಿನಕ್ಕೆ ಕಾಲು ತಾಸಿನಿಂದ ಆರಂಭಿಸಿ ಮೆಲ್ಲಗೆ ಹೆಚ್ಚಿಸಬೇಕು. ಅಂಗಾಲು ದಪ್ಪವಾಗಲು ಅಷ್ಟು ಸಮಯ ಬೇಕೇಬೇಕು. ಹರಕೆ ಇಲ್ಲದವರು ಜೊತೆಗಾರರ ಮಾತಿಗೆ ಕಟ್ಟುಬಿದ್ದು ಬರಿಗಾಲಲ್ಲಿ ಹೊರಡಬೇಡಿ. ಮಾರ್ಚ್ ಕೊನೆಯ ಮಧ್ಯಾಹ್ನ ಡಾಂಬರು ಕೆಲವೇ ನಿಮಿಷಗಳಲ್ಲಿ ಅಂಗಾಲು ಸುಡುವಷ್ಟು ಕಾಯುತ್ತದೆ. ಸಕ್ಕರೆ ಕಾಯಿಲೆಯವರಿಗಂತೂ ಬರಿಗಾಲು ಬೇಡವೇ ಬೇಡ. ಅವರ ಪಾದದ ಸ್ಪರ್ಶ ಕುಗ್ಗಿರಬಹುದು, ಸುಟ್ಟರೂ ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ, ಆ ಗಾಯ ಬೇಗ ಮಾಯುವುದೂ ಇಲ್ಲ. ಚಪ್ಪಲಿಯಲ್ಲಿ ನಡೆದು, ಕಾಡಿನ ಏರು ಮುಗಿಯುವಲ್ಲಿರುವ ಕೈಲಾಸ ದ್ವಾರದಿಂದ ಮುಂದಿನ ದಾರಿಯನ್ನು ಬರಿಗಾಲಲ್ಲಿ ಮುಗಿಸಿದರೆ ಹರಕೆಗೆ ಕುಂದಿಲ್ಲ ಎಂಬುದು ನಮ್ಮ ನಂಬಿಕೆ. ಅನುಮಾನವಿದ್ದರೆ ಹೊರಡುವ ಮುಂಚೆಯೇ ನಿಮ್ಮ ಮಠದ ಅಯ್ಯನವರನ್ನು ಕೇಳಿ ಮನಸ್ಸು ಹಗುರ ಮಾಡಿಕೊಳ್ಳಿ.

ಬೂಟು ಹಾಕುವವರು ಒಂದು ಅಳತೆ ದೊಡ್ಡದನ್ನು ಕೊಳ್ಳಿ. ಬಿಸಿಲಲ್ಲಿ ನಡೆದ ಪಾದ ಸಂಜೆಗೆ ಊದುತ್ತದೆ, ಬಿಗಿ ಬೂಟಿನಲ್ಲಿ ಹೆಬ್ಬೆರಳ ಉಗುರು ಕಪ್ಪಾಗಿ ಕಿತ್ತು ಬರುತ್ತದೆ. ಹೊಸ ಬೂಟಿನಲ್ಲಿ ಎಂದೂ ಹೊರಡಬೇಡಿ, ಕನಿಷ್ಠ 80–100 ಕಿ.ಮೀ. ಅದರಲ್ಲೇ ನಡೆದು ಪಳಗಿಸಿರಬೇಕು. ಮೂರು ಜೊತೆ ಕಾಲುಚೀಲ: ಒಂದು ಕಾಲಲ್ಲಿ, ಒಂದು ಚೀಲದ ಹೊರಗೆ ಒಣಗುತ್ತ, ಒಂದು ಒಗೆದು ಇಟ್ಟದ್ದು.

ಗುಳ್ಳೆ ಏಳುವುದಕ್ಕೆ ಮೂರು ಕಾರಣ: ತಿಕ್ಕಾಟ, ಬೆವರಿನ ತೇವ, ಬಿಸಿ. ಮೂರರಲ್ಲಿ ಒಂದನ್ನು ತಪ್ಪಿಸಿದರೂ ಗುಳ್ಳೆ ತಡೆಯಬಹುದು. ಹಿಮ್ಮಡಿಯಲ್ಲೋ ಬೆರಳಿನಲ್ಲೋ ಉರಿ ಶುರುವಾದ ಕ್ಷಣವೇ ನಿಂತು, ಪಾದ ಒರೆಸಿ, ಆ ಜಾಗಕ್ಕೆ ಔಷಧದ ಅಂಗಡಿಯ ಬಟ್ಟೆ ಟೇಪು ಸುಕ್ಕಿಲ್ಲದಂತೆ ಅಂಟಿಸಿ. ‘ಮುಂದಿನ ಊರಲ್ಲಿ ನೋಡೋಣ’ ಎಂದರೆ ಮುಂದಿನ ಊರಿಗೆ ಗುಳ್ಳೆ ಬಂದಿರುತ್ತದೆ. ಸಣ್ಣ ಗುಳ್ಳೆಯನ್ನು ಒಡೆಯಬೇಡಿ. ಕಾಲೂರಲು ಆಗದಷ್ಟು ದೊಡ್ಡದಾದರೆ ಹೀಗೆ ಮಾಡಿ: ಕೈ ಸೋಪಿನಿಂದ ತೊಳೆದು, ಪ್ಯಾಕಿನಿಂದ ಆಗ ತಾನೇ ತೆಗೆದ ಸ್ಟೆರೈಲ್ ಸೂಜಿಯಿಂದ ಗುಳ್ಳೆಯ ಬುಡದ ಅಂಚಿನಲ್ಲಿ ಎರಡು ಕಡೆ ಚುಚ್ಚಿ, ನೀರು ಒತ್ತಿ ತೆಗೆದು, ಮೇಲಿನ ಚರ್ಮವನ್ನು ಹಾಗೇ ಬಿಟ್ಟು ಪೊವಿಡೋನ್ ಅಯೋಡಿನ್ ಹಚ್ಚಿ ಪಟ್ಟಿ ಕಟ್ಟಿ. ಚರ್ಮ ಸುಲಿದರೆ ಕೆಳಗಿನ ಹಸಿ ಮಾಂಸ ಡಾಂಬರಿನ ಧೂಳಿಗೆ ತೆರೆದುಕೊಂಡು ಕೀವಾಗುತ್ತದೆ. ಸೂಜಿಗೆ ದಾರ ಪೋಣಿಸಿ ದಾರವನ್ನು ಗುಳ್ಳೆಯೊಳಗೇ ಬಿಡುವ ಪದ್ಧತಿ ಕೆಲವರಲ್ಲಿದೆ. ಆ ದಾರದ ಗುಂಟವೇ ಹೊಲಸು ಒಳಗೆ ಇಳಿಯುತ್ತದೆ, ಬೇಡ.

ತಂಗಿದ ಕೂಡಲೇ ಪಾದವನ್ನು ಬಹಳ ಹೊತ್ತು ನೀರಲ್ಲಿ ನೆನೆಸುವುದೂ ತಪ್ಪು. ನೆನೆದ ಚರ್ಮ ಮೆತ್ತಗಾಗಿ ಮರುದಿನ ಬೇಗ ಸುಲಿಯುತ್ತದೆ. ತೊಳೆದು, ಬೆರಳ ಸಂದುಗಳನ್ನೂ ಒರೆಸಿ, ಕಾಲನ್ನು ಗಂಟಿನ ಮೇಲೆ ಎತ್ತಿಟ್ಟು ಕಾಲು ತಾಸು ಮಲಗಿ. ತೊಡೆ ಸಂದು ಉಜ್ಜಿ ಕೆಂಪಾಗುವುದು ಎಲ್ಲರಿಗೂ ಆಗುತ್ತದೆ, ನಾಚಿಕೆಯಿಂದ ಯಾರೂ ಹೇಳುವುದಿಲ್ಲ. ದಿನವೂ ಹೊರಡುವ ಮೊದಲೇ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ಹಚ್ಚಿಕೊಳ್ಳಿ.

ದಿನದ ಗಡಿಯಾರ

ಎರಡೂಮುಕ್ಕಾಲಿಗೆ ಏಳುವುದು, ಕಂಬಿಗೆ ಮಂಗಳಾರತಿ ಮಾಡಿ ಮೂರೂಕಾಲಿಗೆ ಹೆಜ್ಜೆ. ಐವತ್ತು ನಿಮಿಷ ನಡಿಗೆ, ಹತ್ತು ನಿಮಿಷ ಕೂರುವುದು. ಒಂಬತ್ತರೊಳಗೆ 20 ಕಿ.ಮೀ. ಆಗುತ್ತದೆ. ಅಲ್ಲಿಗೆ ನಿಲ್ಲಿ. ಹುಣಸೆಮರದ ನೆರಳು, ಗುಡಿಯ ಮಂಟಪ, ಶಾಲೆಯ ಪಡಸಾಲೆ, ಯಾವುದಾದರೂ ಸರಿ. ತಗಡಿನ ಶೆಡ್ ಮಾತ್ರ ಬೇಡ, ಮಧ್ಯಾಹ್ನ ಅದರ ಕೆಳಗೆ ಹೊರಗಿಗಿಂತ ಹೆಚ್ಚು ಧಗೆ. ಊಟ ಮಾಡಿ ನಾಲ್ಕರವರೆಗೆ ನಿದ್ದೆ. ಸಂಜೆ ಐದರಿಂದ ಏಳೂಕಾಲಿನವರೆಗೆ ಮತ್ತೆ 8–9 ಕಿ.ಮೀ. ರಾತ್ರಿ ಒಂಬತ್ತಕ್ಕೆಲ್ಲ ಮಲಗಿಬಿಡಬೇಕು. ಭಜನೆ ಮಧ್ಯಾಹ್ನದ ನೆರಳಿಗೆ ಇಟ್ಟುಕೊಂಡರೆ ರಾತ್ರಿಯ ನಿದ್ದೆ ಉಳಿಯುತ್ತದೆ.

ಕತ್ತಲ ದಾರಿಯಲ್ಲಿ ನಿಜವಾದ ಅಪಾಯ ಲಾರಿಗಳದು. ಎದುರಿನಿಂದ ಬರುವ ವಾಹನ ಕಣ್ಣಿಗೆ ಕಾಣುವಂತೆ ರಸ್ತೆಯ ಬಲಬದಿಯಲ್ಲಿ, ಡಾಂಬರು ಬಿಟ್ಟು ಮಣ್ಣಿನ ಅಂಚಿನಲ್ಲಿ, ಒಬ್ಬರ ಹಿಂದೆ ಒಬ್ಬರು ನಡೆಯಿರಿ. ಹೆಗಲಿಗೆ ಹೆಗಲು ಕೊಟ್ಟು ಮಾತಾಡುತ್ತ ಹೋಗುವ ಸುಖ ಹಗಲಿಗಿರಲಿ. ಮೊದಲಿಗರಿಗೂ ಕೊನೆಯವರಿಗೂ ಹೊಳೆಯುವ ಪಟ್ಟಿಯ ಜಾಕೀಟು, ಕೊನೆಯವರ ಬೆನ್ನಿಗೆ ಕೆಂಪು ದೀಪ. ಎರಡೂ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ನಡೆಯುವವರನ್ನು ಬಳಗಕ್ಕೆ ಸೇರಿಸಿಕೊಳ್ಳಲೇಬೇಡಿ. ಮಲಗುವಾಗಲೂ ಅಷ್ಟೇ: ರಸ್ತೆಯಂಚು, ಪೆಟ್ರೋಲ್ ಬಂಕಿನ ಅಂಗಳ, ನಿಂತ ಲಾರಿಯ ನೆರಳು, ಈ ಮೂರು ಜಾಗ ಬಿಟ್ಟುಬಿಡಿ. ವಾಹನ ಹಿಂದಕ್ಕೆ ತೆಗೆಯುವ ಚಾಲಕನಿಗೆ ನೆಲದ ಮೇಲೆ ಮಲಗಿದವರು ಕಾಣುವುದಿಲ್ಲ.

ಬಯಲಲ್ಲಿ ಮಲಗುವಾಗ ಮೊದಲು ಕಸ ಗುಡಿಸಿ ತಾಡಪತ್ರಿ ಹಾಸಿ, ಅದರ ಮೇಲೆ ಜಮಖಾನ. ಬೆಳಗಿನ ಜಾವದ ತಂಪಿಗೆ ಒಂದು ತೆಳು ಕೌದಿ ಸಾಕು. ಕಲ್ಲಿನ ಗುಡ್ಡೆ, ಕಣಿಕೆಯ ಬಣವೆಗಳ ಪಕ್ಕ ಚೇಳು, ಹಾವು ಇರುತ್ತವೆ, ದೂರವಿರಿ. ಬೂಟು, ಹಾಸಿಗೆ ಝಾಡಿಸದೆ ಮುಟ್ಟಬೇಡಿ. ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಕುಯ್ಯುವುದು, ಹೀರುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲುಗಾಡದಂತೆ ಇಟ್ಟು, ನಡೆಸದೆ, ನೇರ ಆಸ್ಪತ್ರೆಗೆ. ತೆಲಂಗಾಣ, ಆಂಧ್ರ ಎರಡರಲ್ಲೂ ಆಂಬುಲೆನ್ಸ್‌ಗೆ 108 ನಡೆಯುತ್ತದೆ.

ನೀರು ಮತ್ತು ಊಟ

ಒಬ್ಬರಿಗೆ ದಿನಕ್ಕೆ ಐದು ಲೀಟರಾದರೂ ಬೇಕು, ಅದರಲ್ಲಿ ಒಂದೆರಡು ಲೀಟರು ಒಆರ್‌ಎಸ್ ಇರಲಿ. ಬರೀ ನೀರನ್ನೇ ಕುಡಿಯುತ್ತ ಹೋದರೆ ಬೆವರಿನಲ್ಲಿ ಹೋದ ಉಪ್ಪು ಮರಳಿ ಬರುವುದಿಲ್ಲ, ತಲೆಸುತ್ತು, ವಾಕರಿಕೆ ಶುರುವಾಗುತ್ತದೆ. ದೊಡ್ಡ ಪೊಟ್ಟಣ ಒಂದನ್ನು ಪೂರ್ತಿ ಒಂದು ಲೀಟರಿಗೆ ಹಾಕಬೇಕು, ಅರ್ಧ ಪೊಟ್ಟಣ ಒಂದು ಲೋಟಕ್ಕೆ ಎಂಬ ಅಂದಾಜು ಹೊಟ್ಟೆಯನ್ನು ಇನ್ನಷ್ಟು ಕೆಡಿಸುತ್ತದೆ. ಪೊಟ್ಟಣ ಮುಗಿದರೆ ಒಂದು ಲೀಟರು ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡೂ ಸಮತಟ್ಟಾಗಿ ಅಳೆದದ್ದು. ಮೂತ್ರ ಕಡುಹಳದಿಯಾದರೆ ನೀರು ಸಾಲದು ಎಂದರ್ಥ.

ದಾರಿಯುದ್ದಕ್ಕೂ ಊರಿನವರು, ಮಠದವರು ಅನ್ನದಾಸೋಹ, ಮಜ್ಜಿಗೆ, ಕಲ್ಲಂಗಡಿ ಇಟ್ಟುಕೊಂಡು ಕಾಯುತ್ತಾರೆ. ಗುರುತು ಪರಿಚಯವಿಲ್ಲದವರ ಕಾಲಿಗೆ ಎಣ್ಣೆ ತಿಕ್ಕುವವರೂ ಇದ್ದಾರೆ. ಈ ಪ್ರೀತಿಗೆ ಕೈಮುಗಿದು ಊಟ ಮಾಡಿ, ಆದರೆ ಎರಡು ಎಚ್ಚರ ಇರಲಿ. ಬೆಳಗಿನ ನಡಿಗೆಯ ನಡುವೆ ಹೊಟ್ಟೆ ತುಂಬ ಅನ್ನ ಉಣ್ಣಬೇಡಿ, ತಂಗುವ ಜಾಗ ಸೇರಿದ ಮೇಲೆ ಉಣ್ಣಿ. ಹೆಚ್ಚಿಟ್ಟು ನೊಣ ಕುಳಿತ ಹಣ್ಣು, ಎಲ್ಲಿಯ ನೀರೆಂದು ಗೊತ್ತಿಲ್ಲದ ಐಸು ಹಾಕಿದ ಶರಬತ್ತು ಬಿಡಿ. ಬಳಗವನ್ನು ಒಟ್ಟಿಗೇ ನೆಲಕ್ಕೆ ಕೆಡವುವುದು ಕಾಲುನೋವಲ್ಲ, ವಾಂತಿಭೇದಿ. ಊಟಕ್ಕೆ ಮುಂಚೆ ಸೋಪಿನಿಂದ ಕೈ ತೊಳೆಯುವುದೊಂದೇ ಅರ್ಧ ಕಾಯಿಲೆ ತಡೆಯುತ್ತದೆ. ಬಾವಿ, ಬೋರಿನ ನೀರಿಗೆ ಕ್ಲೋರಿನ್ ಮಾತ್ರೆಯನ್ನು ಚೀಟಿಯಲ್ಲಿ ಬರೆದ ಅಳತೆಗೆ ಹಾಕಿ ಅರ್ಧ ತಾಸು ಬಿಟ್ಟು ಕುಡಿಯಿರಿ.

ದಾಸೋಹ ಸಿಗದ ದಿನಕ್ಕೆಂದು ಎರಡು ದಿನದ ಬುತ್ತಿ ಯಾವಾಗಲೂ ಚೀಲದಲ್ಲಿರಲಿ. ಕಟಿ ರೊಟ್ಟಿ ಒಬ್ಬರಿಗೆ ದಿನಕ್ಕೆ ಐದು, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಬೆಲ್ಲ, ಪುಟಾಣಿ. ರೊಟ್ಟಿ ಪೂರ್ತಿ ಗಾಳಿಗೆ ಆರಿ ಕಟಿಯಾದ ಮೇಲೆ ಬಟ್ಟೆಯಲ್ಲಿ ಕಟ್ಟಿ, ಪ್ಲಾಸ್ಟಿಕ್ಕಿನಲ್ಲಿ ಬೇಡ. ಒಳಗೆ ತೇವ ಕಟ್ಟಿ ಬೂಸು ಬರುತ್ತದೆ.

ಬಿಸಿಲ ಹೊಡೆತವನ್ನು ಗುರುತಿಸುವುದು ಎಲ್ಲರಿಗೂ ತಿಳಿದಿರಬೇಕು. ಸುಸ್ತು, ತಲೆನೋವು, ವಿಪರೀತ ಬೆವರು ಇದ್ದರೆ ನೆರಳು, ಒಆರ್‌ಎಸ್, ಒದ್ದೆ ಬಟ್ಟೆ, ಆ ದಿನ ನಡಿಗೆ ಬಂದ್. ಮಾತು ತೊದಲುತ್ತಿದ್ದರೆ, ಸಂಬಂಧವಿಲ್ಲದ್ದು ಬಡಬಡಿಸುತ್ತಿದ್ದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಜೀವಕ್ಕೆ ಅಪಾಯ. ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತಲೇ ಆಂಬುಲೆನ್ಸ್ ಕರೆಯಿರಿ, ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ. ಕಾಲುನೋವಿಗೆಂದು ದಿನವೂ ಐಬುಪ್ರೊಫೆನ್, ಡೈಕ್ಲೊಫೆನಾಕ್ ನುಂಗುವ ರೂಢಿ ಯಾತ್ರಿಕರಲ್ಲಿ ಬಹಳ. ಮೈಯಲ್ಲಿ ನೀರು ಕಡಿಮೆಯಿದ್ದಾಗ ಅವು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ತೀರಾ ಬೇಕಾದರೆ ಪ್ಯಾರಾಸಿಟಮಾಲ್. ಬಿಪಿ, ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರು ಹೊರಡುವ ಮುಂಚೆ ವೈದ್ಯರನ್ನು ಕಾಣಬೇಕು.

ನಲ್ಲಮಲ: ಕಾಡಿನ ಎರಡು ದಿನ

ಆತ್ಮಕೂರಿನ ಆಚೆ ವೆಂಕಟಾಪುರದಲ್ಲಿ ಕಾಡುದಾರಿ ಶುರು. ನಾಗಲೂಟಿ, ದಾಮೆರ್ಲ ಕುಂಟೆ, ಪೆದ್ದಚೆರುವು, ಮಠಂಬಾವಿ, ಭೀಮುನಿಕೊಲನು, ಕೈಲಾಸ ದ್ವಾರ, ಸಾಲು ಇದೇ. 40 ಕಿ.ಮೀ. ಆಸುಪಾಸಿನ ಈ ದಾರಿ ನಾಗಾರ್ಜುನಸಾಗರ–ಶ್ರೀಶೈಲಂ ಹುಲಿ ಸಂರಕ್ಷಿತ ಪ್ರದೇಶದೊಳಗೆ ಹಾಯುತ್ತದೆ. ಶಿವರಾತ್ರಿ ಮತ್ತು ಯುಗಾದಿಗೆ ಅರಣ್ಯ ಇಲಾಖೆ ಗೊತ್ತುಮಾಡಿದ ದಿನಗಳಲ್ಲಿ ಮಾತ್ರ ಪಾದಯಾತ್ರಿಗಳಿಗೆ ಬಿಡುತ್ತಾರೆ. ಆ ದಿನಾಂಕಗಳನ್ನು ಊರು ಬಿಡುವ ಮುಂಚೆ ಒಮ್ಮೆ, ಆತ್ಮಕೂರಿನಲ್ಲಿ ಮತ್ತೊಮ್ಮೆ ಕೇಳಿಕೊಳ್ಳಿ. ಮೊದಲೇ ಬಂದು ನುಸುಳುವ ಆಲೋಚನೆ ಬೇಡ.

ಸಾಮಾನಿನ ಗಾಡಿ ಇಲ್ಲಿ ಬಳಗದಿಂದ ಬೇರೆಯಾಗುತ್ತದೆ, ಅದು ದೋರ್ನಾಲದ ಮೇಲೆ ಘಾಟಿ ರಸ್ತೆಯಲ್ಲಿ ಶ್ರೀಶೈಲಕ್ಕೆ ಹೋಗಬೇಕು. ಕಾಡೊಳಗೆ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ, ಎಲ್ಲಿ ಎಷ್ಟೊತ್ತಿಗೆ ಸೇರುವುದೆಂದು ಆತ್ಮಕೂರಿನಲ್ಲೇ ತೀರ್ಮಾನಿಸಿ. ಹೆಗಲ ಚೀಲಕ್ಕೆ ಇಷ್ಟು ಸಾಕು: ನಾಲ್ಕು ಲೀಟರು ನೀರು, ಆರು ರೊಟ್ಟಿ, ಬೆಲ್ಲ, ಮೂರು ಒಆರ್‌ಎಸ್ ಪೊಟ್ಟಣ, ಟಾರ್ಚು, ಚಾದರ, ಒಂದು ಜೊತೆ ಬಟ್ಟೆ, ಟೇಪು, ಸೀಟಿ. ನೀರೂ ಸೇರಿ ಏಳು ಕಿಲೊ ಮೀರದಿರಲಿ. ಹಬ್ಬದ ದಿನಗಳಲ್ಲಿ ನಡುನಡುವೆ ಕುಡಿಯುವ ನೀರು, ದಾಸೋಹ ಇಟ್ಟಿರುತ್ತಾರೆ, ಆದರೂ ಅದನ್ನೇ ನೆಚ್ಚಿಕೊಂಡು ಖಾಲಿ ಬಾಟಲಿಯಲ್ಲಿ ಹೊರಡಬೇಡಿ.

ಮೊದಲ ದಿನ ನಾಗಲೂಟಿಯ ವೀರಭದ್ರನಿಗೆ ಕೈಮುಗಿದು, ಕತ್ತಲಾಗುವ ಮುಂಚೆ ಪೆದ್ದಚೆರುವು ಮುಟ್ಟಿ. ಅದು ಚೆಂಚು ಬುಡಕಟ್ಟಿನ ಜನರ ನೆಲೆ, ಅವರ ಅಂಗಳ, ಅವರ ಕೆರೆ. ಕೆರೆಯಲ್ಲಿ ಸೋಪು ಹಚ್ಚಿ ಮೀಯಬೇಡಿ, ಬಹಿರ್ದೆಸೆಗೆ ನೀರಿನಿಂದ ಬಹಳ ದೂರ ಹೋಗಿ. ಕಾಡಿನಲ್ಲಿ ಒಂಟಿಯಾಗಿಯೂ ಕತ್ತಲಲ್ಲೂ ನಡೆಯುವಂತಿಲ್ಲ. ಇಲ್ಲಿ ಕರಡಿ, ಚಿರತೆ, ಹುಲಿ ಮೂರೂ ಇವೆ. ಗುಂಪಾಗಿ ಹಗಲಲ್ಲಿ ಶಿವನಾಮ ಹೇಳುತ್ತ ಹೋಗುವವರ ದಾರಿಗೆ ಅವು ಸಾಮಾನ್ಯವಾಗಿ ಬರುವುದಿಲ್ಲ. ಒಲೆ, ಬೀಡಿ, ಕರ್ಪೂರ, ಯಾವ ಬೆಂಕಿಯೂ ಕೂಡದು. ಮಾರ್ಚ್–ಏಪ್ರಿಲ್‌ನಲ್ಲಿ ನೆಲವೆಲ್ಲ ಒಣಗಿದ ಎಲೆ, ಒಂದು ಕಿಡಿ ಬಿದ್ದರೆ ಗುಡ್ಡ ಉರಿಯುತ್ತದೆ. ಪ್ಲಾಸ್ಟಿಕ್ ಒಯ್ಯಲೇಬೇಡಿ, ಸ್ಟೀಲಿನ ಬಾಟಲಿ, ಸ್ಟೀಲಿನ ತಟ್ಟೆ ಇಟ್ಟುಕೊಳ್ಳಿ. ಮಲ್ಲಯ್ಯನ ಗುಡ್ಡಕ್ಕೆ ನಡೆದು ಬಂದು ಅದೇ ಗುಡ್ಡದ ಮೇಲೆ ಕಸ ಚೆಲ್ಲಿ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಎರಡನೇ ದಿನ ಭೀಮುನಿಕೊಲನು. ಆಳವಾದ ಕಣಿವೆಗೆ ಇಳಿದು ಮತ್ತೆ ಅಷ್ಟೇ ಎತ್ತರ ಏರಬೇಕು, ಕಲ್ಲು ಮೆಟ್ಟಿಲು ಒಂದರಂತೆ ಒಂದಿಲ್ಲ. ಇಡೀ ಯಾತ್ರೆಯಲ್ಲಿ ಕಠಿಣ ಜಾಗ ಇದೇ. ಬೆಳಕು ಹರಿದ ಕೂಡಲೇ ಪೆದ್ದಚೆರುವು ಬಿಟ್ಟು, ಬಿಸಿಲು ಏರುವ ಮುಂಚೆ ಇಳಿಜಾರು ಮುಗಿಸಿ. ಇಳಿಯುವಾಗ ಸಣ್ಣ ಹೆಜ್ಜೆ, ಮಂಡಿ ಸ್ವಲ್ಪ ಮಡಚಿದಂತೆ, ಕೈಯಲ್ಲಿ ಎದೆಮಟ್ಟದ ಕೋಲು. ಏರುವಾಗ ಇಪ್ಪತ್ತು ಮೆಟ್ಟಿಲಿಗೊಮ್ಮೆ ನಿಂತು ಐದು ಉಸಿರು. ಎದೆ ಹಿಡಿದರೆ, ಎಡಗೈಗೋ ದವಡೆಗೋ ನೋವು ಹರಿದರೆ ಅಲ್ಲೇ ಕೂರಿಸಿ. ‘ಇನ್ನೇನು ಬಂತು’ ಎಂದು ಹುರಿದುಂಬಿಸಿ ಹತ್ತಿಸುವುದು ಆಗ ಗೆಳೆತನವಲ್ಲ. ಇಬ್ಬರು ಮೇಲೆ ಹೋಗಿ ವೈದ್ಯಕೀಯ ಶಿಬಿರದವರನ್ನು ಕರೆತರಲಿ.

ಕೈಲಾಸ ದ್ವಾರ ಸೇರಿದ ಮೇಲೆ ದಾರಿ ಸುಲಭ. ಹಾಟಕೇಶ್ವರನ ಗುಡಿ ದಾಟಿ ಊರು.

ಶ್ರೀಶೈಲದಲ್ಲಿ

ಹಬ್ಬದ ಜನಸಂದಣಿಯಲ್ಲಿ ಸ್ಪರ್ಶ ದರ್ಶನ ನಿಲ್ಲಿಸಿ ಅಲಂಕಾರ ದರ್ಶನ ಮಾತ್ರ ಕೊಡುವುದುಂಟು. ಲಿಂಗ ಮುಟ್ಟಲೇಬೇಕೆಂದು ಹರಕೆ ಹೊತ್ತವರು ದೇವಸ್ಥಾನದ ಪ್ರಕಟಣೆ ನೋಡಿ ದಿನ ಗೊತ್ತುಮಾಡಿಕೊಳ್ಳಬೇಕು. ಸಾಲಿನಲ್ಲಿ ತಾಸುಗಟ್ಟಲೆ ನಿಲ್ಲಬೇಕಾಗುತ್ತದೆ. ಹಾಗಾಗಿ ಬಂದ ರಾತ್ರಿಯೇ ನುಗ್ಗದೆ, ಮಲಗಿ ಎದ್ದು, ಪಾದದ ಪಟ್ಟಿ ಬದಲಿಸಿ ಹೋಗಿ. ಪಾತಾಳಗಂಗೆಯಲ್ಲಿ (ಗುಡ್ಡದ ಕೆಳಗಿನ ಕೃಷ್ಣಾ ನದಿಯ ಸ್ನಾನಘಟ್ಟ) ಮೆಟ್ಟಿಲು ಪಾಚಿಯಿಂದ ಜಾರುತ್ತವೆ, ಸರಪಳಿ ಹಿಡಿದೇ ಮುಳುಗಿ. ತೆರೆದ ಗುಳ್ಳೆಗಾಯ ಇದ್ದವರು ತಲೆಗೆ ನೀರು ಪ್ರೋಕ್ಷಿಸಿಕೊಂಡರೆ ಸಾಕು.

ಮರಳುವ ಬಸ್ಸಿನ ಸೀಟನ್ನು ಊರಲ್ಲಿದ್ದಾಗಲೇ ಕಾಯ್ದಿರಿಸಿ. ಯುಗಾದಿಗೆ ಕಲ್ಯಾಣ ಕರ್ನಾಟಕ ಮತ್ತು ವಾಯವ್ಯ ಸಾರಿಗೆಯವರು ಹೆಚ್ಚುವರಿ ಬಸ್ ಬಿಡುತ್ತಾರೆ, ಆದರೂ ಹಬ್ಬದ ಮರುದಿನ ನೂಕುನುಗ್ಗಲು ತಪ್ಪಿದ್ದಲ್ಲ. ನಡೆದ ಕಾಲನ್ನು ಬಸ್ಸಿನಲ್ಲಿ ಎಂಟು-ಹತ್ತು ತಾಸು ಇಳಿಬಿಟ್ಟರೆ ಊತ ಬರುತ್ತದೆ. ಬಸ್ ನಿಂತಲ್ಲೆಲ್ಲ ಇಳಿದು ಐದು ನಿಮಿಷ ಓಡಾಡಿ. ಒಂದೇ ಕಾಲಿನ ಮೀನಖಂಡ ಊದಿ ಬಿಗಿದು ನೋಯುತ್ತಿದ್ದರೆ ತಿಕ್ಕಿಸಿಕೊಳ್ಳದೆ ಅಂದೇ ವೈದ್ಯರಿಗೆ ತೋರಿಸಿ.